ಮುಳ್ಳು ತಿಂದು ಬದುಕುತ್ತದೆ, ಬಿಡಿ

ಬಯಲಲ್ಲಿ ಮೇಯುವ ಒಂಟೆಗೆ ಮೇಲಿಂದ ಮೇವು ಹಾಕಬೇಕಿಲ್ಲ ಎಂಬುದು ಥಾರ್ ಮರುಭೂಮಿಯ ಪಶುಪಾಲನೆಯಲ್ಲಿ ಬೇರುಬಿಟ್ಟ ನಂಬಿಕೆ. ಹಸುವಿಗೆ ಹಿಂಡಿ, ಎಮ್ಮೆಗೆ ಹತ್ತಿಕಾಳು, ಕುದುರೆಗೆ ಹುರುಳಿ ಎಂದು ಲೆಕ್ಕ ಹಾಕುವವರೇ ಒಂಟೆಯ ಸರದಿ ಬಂದಾಗ 'ಅದಕ್ಕೇನು, ಮುಳ್ಳು ತಿಂದು ಬದುಕುತ್ತದೆ, ಬಿಡಿ' ಎಂದು ಕೈ ಕೊಡವುತ್ತಾರೆ. ಶಾಲೆಯ ಪಾಠ ಇದನ್ನು ಮೆಚ್ಚುಗೆಯಿಂದ ಹೇಳುತ್ತದೆ, ಪ್ರವಾಸದ ಕರಪತ್ರ ಬಣ್ಣ ಹಚ್ಚಿ ಹೇಳುತ್ತದೆ, ಬರ ಪರಿಹಾರದ ಕಡತ ಏನೂ ಹೇಳದೆ ಹಾಗೆಯೇ ನಡೆದುಕೊಳ್ಳುತ್ತದೆ. ಕೇಳಲು ಹೊಗಳಿಕೆಯಂತಿರುವ ಈ ಮಾತಿನ ಬೆಲೆಯನ್ನು ಒಂಟೆ ತನ್ನ ಡುಬ್ಬ ಕರಗಿಸಿ ತೆರುತ್ತಿದೆ.

1970ರ ದಶಕದ ಕೊನೆಗೆ ಭಾರತದಲ್ಲಿ ಸುಮಾರು 11 ಲಕ್ಷ ಒಂಟೆಗಳಿದ್ದವು. 2012ರ ಜಾನುವಾರು ಗಣತಿಯ ಹೊತ್ತಿಗೆ 4 ಲಕ್ಷ, 2019ರ ಗಣತಿಗೆ ಎರಡೂವರೆ ಲಕ್ಷ. ಏಳೇ ವರ್ಷದಲ್ಲಿ ಶೇ. 37ರಷ್ಟು ಕುಸಿತ. ಉಳಿದವುಗಳಲ್ಲಿ ಶೇ. 80ಕ್ಕೂ ಹೆಚ್ಚು ರಾಜಸ್ಥಾನದಲ್ಲಿವೆ. ಟ್ರ್ಯಾಕ್ಟರ್ ಬಂತು, ರಸ್ತೆಯಾಯಿತು, ಗಾಡಿ ಎಳೆಯುವ ಕೆಲಸ ಹೋಯಿತು ಎಂಬ ಉತ್ತರ ಎಲ್ಲರ ನಾಲಿಗೆಯ ಮೇಲಿದೆ. ಎತ್ತಿನ ಕೆಲಸವನ್ನೂ ಟ್ರ್ಯಾಕ್ಟರೇ ಕಿತ್ತುಕೊಂಡಿತಲ್ಲ, ಅದರಿಂದ ಗೋವಿನ ಕುಲ ನಶಿಸಿತೇ? ಹಸುವಿನ ಹಿಂದೆ ಡೇರಿ ನಿಂತಿತು, ಹಿಂಡಿಯ ಅಂಗಡಿ ನಿಂತಿತು, ಗೋಶಾಲೆಯ ಅನುದಾನ ನಿಂತಿತು. ಒಂಟೆಯ ಹಿಂದೆ ನಿಂತದ್ದು ಅದರ ಸಹನೆಯ ಕತೆ ಮಾತ್ರ.

ಈ ಕತೆ ಹುಟ್ಟಿದ್ದೇ ಒಂದು ಅದಲುಬದಲಿನಿಂದ. 1950ರ ದಶಕದಲ್ಲಿ ಶರೀರಕ್ರಿಯಾ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್ ಅಲ್ಜೀರಿಯಾದ ಬೆನಿ ಅಬ್ಬೆಸ್‌ನಲ್ಲಿ ಒಂಟೆಗಳನ್ನು ಅಭ್ಯಾಸ ಮಾಡಿದ. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ದೇಹತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ನಿಂತಿರುತ್ತದೆ. ಬಾಯಾರಿದಾಗ ಹಗಲಿನಲ್ಲಿ ಮೈಬಿಸಿ 40 ಡಿಗ್ರಿ ದಾಟಲು ಬಿಟ್ಟು, ಬೆವರುವುದನ್ನು ತಡೆದು, ರಾತ್ರಿಯ ತಂಪಿಗೆ ಆ ಬಿಸಿಯನ್ನು ಬಿಟ್ಟುಕೊಡುತ್ತದೆ. ಅದ್ಭುತವೇ ಸರಿ. ಆದರೆ ಇದೆಲ್ಲ ನೀರಿನ ಲೆಕ್ಕ. ನೀರಿಲ್ಲದೆ ವಾರ ಕಳೆಯುವ ಪ್ರಾಣಿ ಮೇವಿಲ್ಲದೆ ಬೇಸಿಗೆ ಕಳೆಯಬಲ್ಲದೆಂದು ಯಾವ ಪ್ರಯೋಗ ತೋರಿಸಿದೆ? ನೀರಿನ ಪುಟದಲ್ಲಿ ಬರೆದದ್ದನ್ನು ಮೇವಿನ ಪುಟಕ್ಕೆ ನಕಲು ಮಾಡಿಕೊಂಡು ಮೂರು ತಲೆಮಾರು ಕಳೆದವು, ಯಾರೂ ತಿದ್ದಲಿಲ್ಲ.

ಮೇವಿನ ವಿಷಯದಲ್ಲೂ ಒಂಟೆ ಜಿಪುಣ ಎಂಬುದು ನಿಜ. ತಿಂದದ್ದರಲ್ಲಿ ಪ್ರೋಟೀನು ಕಡಿಮೆಯಾದರೆ ಅದರ ಮೂತ್ರಪಿಂಡ ಯೂರಿಯಾವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅದು ಮರಳಿ ಹೊಟ್ಟೆಗೆ ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಮತ್ತೆ ಪ್ರೋಟೀನು ಕಟ್ಟುತ್ತವೆ. ಇದನ್ನು ಮುಂದಿಟ್ಟು 'ನೋಡಿ, ಬೇಕಿಲ್ಲ' ಎನ್ನುವವರು ಆಪದ್ಧನವನ್ನು ತಿಂಗಳ ಸಂಬಳವೆಂದು ಓದುತ್ತಿದ್ದಾರೆ. ಬರಗಾಲದಲ್ಲಿ ಗೆಡ್ಡೆಗೆಣಸು ಅಗೆದು ತಿಂದು ಜೀವ ಉಳಿಸಿಕೊಂಡ ಊರಿಗೆ ಇನ್ನು ಮುಂದೆ ಪಡಿತರ ಬೇಡವೆಂದು ಆದೇಶ ಹೊರಡಿಸಿದರೆ ಜನ ಸುಮ್ಮನಿರುವರೇ? ಜೀವ ಹಿಡಿದುಕೊಳ್ಳುವುದು ಒಂದು. ಗಬ್ಬ ಕಟ್ಟಿ, ಈದು, ಮರಿಗೆ ಹಾಲೂಡಿ, ಮತ್ತೆ ಬೆದೆಗೆ ಬರುವುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಸಾಲುವ ಮೇವಿನಲ್ಲಿ ಹಿಂಡು ಬೆಳೆಯದು. 2020ರಿಂದ 2022ರವರೆಗೆ ಪೂರ್ವ ಆಫ್ರಿಕಾವನ್ನು ಸುಟ್ಟ ಬರದಲ್ಲಿ ಉತ್ತರ ಕೀನ್ಯಾದ, ಸೊಮಾಲಿಯಾದ ದನಗಳು, ಕುರಿಗಳು ಸತ್ತವು, ಕಡೆಗೆ ಒಂಟೆಗಳೂ ಸತ್ತವು. ಕೊನೆಗೆ ಸಾಯುತ್ತದೆ ಎಂಬುದಕ್ಕೆ ಸಾಯುವುದೇ ಇಲ್ಲ ಎಂದು ಅರ್ಥ ಮಾಡಿಕೊಂಡವರು ಅಲ್ಲಿಯೂ ಇದ್ದರು.

ಐನೂರು ಕಿಲೋ ತೂಗುವ ಒಂಟೆಗೆ ದಿನಕ್ಕೆ ಒಣತೂಕದ ಲೆಕ್ಕದಲ್ಲಿ ಎಂಟರಿಂದ ಹತ್ತು ಕಿಲೋ ಮೇವು ಬೇಕು. ಹಸು ನಾಲಿಗೆ ಚಾಚಿ ಒಂದು ಹಿಡಿ ಹುಲ್ಲನ್ನು ಒಮ್ಮೆಗೇ ಎಳೆದುಕೊಳ್ಳುತ್ತದೆ. ಒಂಟೆ ಸೀಳುತುಟಿಯಿಂದ ಮುಳ್ಳಿನ ಸಂದಿಯ ಸಣ್ಣ ಎಲೆಗಳನ್ನು ಬಿಡಿಸಿ ತಿನ್ನಬೇಕು, ಒಂದು ಪೊದೆಯಲ್ಲಿ ನಾಲ್ಕು ಬಾಯಿ ತಿಂದು ಮುಂದಿನ ಪೊದೆಗೆ ನಡೆಯಬೇಕು. ಪೊದೆಗಳು ಒತ್ತಾಗಿದ್ದಾಗ ಈ ಪದ್ಧತಿಯೇ ಗಿಡವನ್ನೂ ಕಾಯುತ್ತದೆ, ಒಂಟೆಯನ್ನೂ ಕಾಯುತ್ತದೆ. ವಿರಳವಾದಾಗ ನಡಿಗೆ ಹೆಚ್ಚಿ ತಿನ್ನುವುದು ಕಡಿಮೆಯಾಗುತ್ತದೆ, ತಿಂದದ್ದರಲ್ಲಿ ಒಂದು ಪಾಲು ಆ ನಡಿಗೆಗೇ ಖರ್ಚು. ಇಡೀ ದಿನ ಮೇಯುತ್ತಲೇ ಇತ್ತು ಎಂದರೆ ಹೊಟ್ಟೆ ತುಂಬಿತು ಎಂದು ಅರ್ಥವಲ್ಲ, ತುಂಬಲಿಲ್ಲ ಎಂದೂ ಆಗಬಹುದು.

ತಿಂದ ಎಲೆಯೂ ಪೂರ್ತಿ ದಕ್ಕುವುದಿಲ್ಲ. ಮರುಭೂಮಿಯ ಕಲ್ಪವೃಕ್ಷವೆನಿಸಿದ ಖೇಜ್ರಿ ಎಂದರೆ ದಸರೆಯ ದಿನ ಕನ್ನಡ ನಾಡಿನಲ್ಲಿ ಬಂಗಾರವೆಂದು ಕೈಗಿಡುವ ಬನ್ನಿ. ಅದರ ಒಣಎಲೆಯನ್ನು ಅಲ್ಲಿ ಲೂಂಗ್ ಎನ್ನುತ್ತಾರೆ. ಕಾಗದದ ಮೇಲೆ ಅದರಲ್ಲಿ ಶೇ. 12ರಿಂದ 14ರಷ್ಟು ಪ್ರೋಟೀನಿದೆ, ಜೊತೆಗೆ ಒಗರಿಗೆ ಕಾರಣವಾದ ಟ್ಯಾನಿನ್ ಕೂಡ ಇದೆ. ಟ್ಯಾನಿನ್ ಪ್ರೋಟೀನನ್ನು ಕಟ್ಟಿಹಾಕಿ ಜೀರ್ಣವಾಗದಂತೆ ತಡೆಯುತ್ತದೆ. ಲೂಂಗ್ ಇದೆಯಲ್ಲ ಎಂದು ಪಟ್ಟಿ ತೋರಿಸುವವರು ಪಟ್ಟಿಯ ಅಂಕಿಯನ್ನೇ ಒಂಟೆಯ ರಕ್ತಕ್ಕೆ ಜಮಾ ಮಾಡಿಬಿಡುತ್ತಾರೆ.

ಮರುಭೂಮಿಯ ವರ್ಷವನ್ನು ತಿಂಗಳುವಾರು ಬಿಡಿಸಿ ನೋಡಿದರೆ 'ಬಯಲಲ್ಲಿ ಸಿಗುತ್ತದೆ' ಎಂಬ ಮಾತು ಎಷ್ಟು ಟೊಳ್ಳೆಂದು ತಿಳಿಯುತ್ತದೆ. ಜುಲೈನಲ್ಲಿ ಮಳೆ ಬಿದ್ದು ನೆಲ ಹಸಿರಾಗುತ್ತದೆ. ಅದೇ ಹೊತ್ತಿಗೆ ಸಜ್ಜೆ, ಮಡಕೆಕಾಳು, ಗೋರಿ ಬಿತ್ತನೆಯಾಗಿ ಹೊಲಗಳಿಗೆ ಒಂಟೆ ಕಾಲಿಡುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಬೀಳುಬಿದ್ದ ಹೊಲಗಳು ತೆರೆದುಕೊಂಡಾಗ ಅದಕ್ಕೆ ವರ್ಷದ ಹಬ್ಬ. ಚಳಿಗಾಲದಲ್ಲಿ ಖೇಜ್ರಿಯ ಕೊಂಬೆ ಸವರುತ್ತಾರೆ, ಎಲೆ ಹೊಲದ ಒಡೆಯನ ಮೇಕೆಗಳಿಗೆಂದು ಕಣಜ ಸೇರುತ್ತದೆ. ಫೆಬ್ರುವರಿಯಿಂದ ಬಯಲು ಬಡವಾಗುತ್ತ ಹೋಗುತ್ತದೆ. ಏಪ್ರಿಲ್, ಮೇ, ಜೂನ್‌ನಲ್ಲಿ ಬಿಸಿಗಾಳಿಗೆ ಪೊದೆಗಳು ಬರಿಗಡ್ಡಿಯಾಗಿ ನಿಲ್ಲುತ್ತವೆ, ಅಲ್ಲೊಂದು ಇಲ್ಲೊಂದು ಜಾಲ್ ಮರ ಮಾತ್ರ ಹಸಿರು. ಕಾಲುವೆ ನೀರು ತಲುಪಿದ ಕಡೆ ಎರಡನೇ ಬೆಳೆ ಬಂದು ಸುಗ್ಗಿಯ ನಂತರದ ಬೀಳುಹೊಲವೂ ಇಲ್ಲವಾಗಿದೆ. ಹನ್ನೆರಡು ತಿಂಗಳಲ್ಲಿ ಒಂಟೆ ನಿಜವಾಗಿ ಹೊಟ್ಟೆತುಂಬ ಮೇಯುವ ತಿಂಗಳುಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಆ ಬರಿಗಡ್ಡಿಯ ತಿಂಗಳುಗಳಲ್ಲೇ ತಾಯಿಯ ಮೇಲೆ ಅತಿ ಹೆಚ್ಚಿನ ಭಾರ ಬೀಳುತ್ತದೆ. ಥಾರ್‌ನಲ್ಲಿ ಒಂಟೆ ಬೆದೆಗೆ ಬರುವುದು ಚಳಿಗಾಲದಲ್ಲಿ. ಗಬ್ಬದ ಅವಧಿ ಸುಮಾರು 13 ತಿಂಗಳು, ಹೀಗಾಗಿ ಈಯುವುದೂ ಚಳಿಗಾಲದಲ್ಲಿ ಅಥವಾ ಅದರ ಅಂಚಿನಲ್ಲಿ. ಮರಿಗೆ ಹಾಲು ಏರಬೇಕಾದ ದಿನಗಳು ಮಾರ್ಚ್‌ನಿಂದ ಜೂನ್. ತಾಯಿ ಡುಬ್ಬ ಕರಗಿಸಿ ಹಾಲು ಮಾಡುತ್ತಾಳೆ. ಡುಬ್ಬ ವಾಲಿ ಮೈ ಸೊರಗಿದ ಮೇಲೆ ಹಾಲು ಬತ್ತುತ್ತದೆ, ಮರಿ ಬಡಕಲಾಗುತ್ತದೆ. ಬಡಕಲಾದ ಮರಿಗೆ ಕಜ್ಜಿ ಬಂದರೂ ಭೇದಿಯಾದರೂ ತಡೆಯುವ ಶಕ್ತಿಯಿಲ್ಲ. ಸತ್ತರೆ ದಾಖಲಾಗುವುದು ರೋಗದ ಹೆಸರು, ಹಸಿವಿನ ಹೆಸರಲ್ಲ. ಹೆಣ್ಣು ಒಂಟೆ ಈಯುವುದೇ ಎರಡು ವರ್ಷಕ್ಕೊಮ್ಮೆ. ಒಂದು ಮರಿ ಸತ್ತಿತೆಂದರೆ ಹಿಂಡಿಗೆ ಎರಡು ವರ್ಷದ ನಷ್ಟ. ಮೈತುಂಬಿದ ಹೆಣ್ಣುಮರಿ ಮೂರು ವರ್ಷಕ್ಕೇ ಬೆದೆಗೆ ಬರಬಲ್ಲದು. ಅರೆಹೊಟ್ಟೆಯದು ನಾಲ್ಕು, ಐದು ವರ್ಷ ಎಳೆಯುತ್ತದೆ. ಇಷ್ಟಾದ ಮೇಲೆ 'ಒಂಟೆಯ ಸಂತಾನಶಕ್ತಿಯೇ ನಿಧಾನ' ಎಂದು ಬರೆಯುವುದು ಪ್ರಾಣಿಯ ಸ್ವಭಾವದ ವಿವರಣೆಯೋ, ಮೇವು ಹಾಕದವರ ಸಮಜಾಯಿಷಿಯೋ?

ಉಪ್ಪಿನ ಮಾತಂತೂ ನಗಬೇಕೋ ಅಳಬೇಕೋ ತಿಳಿಯದಂಥದ್ದು. ಬೇರೆ ಸಾಕುಪ್ರಾಣಿಗಳಿಗಿಂತ ಒಂಟೆಗೆ ಹಲವು ಪಟ್ಟು ಹೆಚ್ಚು ಉಪ್ಪು ಬೇಕು. ದೊಡ್ಡ ಒಂಟೆಗೆ ದಿನಕ್ಕೆ 45ರಿಂದ 60 ಗ್ರಾಂ ಎಂಬುದು ಪಶುವೈದ್ಯ ಪುಸ್ತಕಗಳ ಸಾಮಾನ್ಯ ಲೆಕ್ಕ. ಜೈಸಲ್ಮೇರ್ ಕಡೆಯ ಲಾಣಾದಂಥ ಉಪ್ಪುಗಿಡಗಳನ್ನು ಮೇಯುವ ಒಂಟೆಗೆ ಅದು ಗಿಡದಿಂದಲೇ ಸಿಗುತ್ತದೆ. ಅರಾವಳಿ ಸೆರಗಿನ ಪಾಲಿ, ಸಿರೋಹಿಗಳಲ್ಲಿ ಅಂಥ ಗಿಡಗಳಿಲ್ಲ, ಅಲ್ಲಿ ಕೈಯಿಂದಲೇ ಹಾಕಬೇಕು. ಉಪ್ಪು, ರಂಜಕ ಕಡಿಮೆಯಾದ ಒಂಟೆ ಮಣ್ಣು ನೆಕ್ಕುತ್ತದೆ, ಮೂಳೆ ಜಗಿಯುತ್ತದೆ, ಚಿಂದಿ ತಿನ್ನುತ್ತದೆ. ಸಾಂಭರ್ ಸರೋವರದ ದಡದಲ್ಲಿ, ಡೀಡ್ವಾನಾದಲ್ಲಿ ಉಪ್ಪನ್ನು ಗುಡ್ಡೆ ಹಾಕುವ ರಾಜ್ಯದಲ್ಲಿ ರಾಜ್ಯಪ್ರಾಣಿಯಾದ ಒಂಟೆ ಮಣ್ಣು ನೆಕ್ಕಬೇಕಾಗಿದೆ.

ಒಂಟೆಗೆ ಮೇವು ಬೇಡ ಎಂಬುದನ್ನು ಹೇಳುವವರೂ ಒಳಗೊಳಗೆ ನಂಬುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1984ರಿಂದ ನಡೆಯುತ್ತಿರುವ ಬೀಕಾನೇರ್‌ನ ಒಂಟೆ ಸಂಶೋಧನಾ ಕೇಂದ್ರದ ಹಿಂಡಿಗೆ ಗೋರಿಯ ಹೊಟ್ಟು, ಶೇಂಗಾ ಹೊಟ್ಟು ಹಾಕುತ್ತಾರೆ. ಗಣರಾಜ್ಯೋತ್ಸವದಲ್ಲಿ ಸಿಂಗಾರಗೊಂಡು ನಡೆಯುವ ಗಡಿ ಭದ್ರತಾ ಪಡೆಯ ಒಂಟೆಗೆ ರೇಷನ್ ಇದೆ. ಗಾಡಿ ಎಳೆದು ದುಡಿದು ತರುವ ಒಂಟೆಗೆ ಅದರ ಒಡೆಯ ಸಂಜೆ ಮಡಕೆಕಾಳಿನ ಹೊಟ್ಟು ಇಡದೆ ಮಲಗುವುದಿಲ್ಲ. ತಲೆತಲಾಂತರದಿಂದ ಒಂಟೆ ಸಾಕಿದ ರಾಯ್ಕಾಗಳು ಬೆಲ್ಲ, ಸಾಸಿವೆ ಎಣ್ಣೆ, ಪಟಿಕ ಕೊಡುವುದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಸರ್ಕಾರದ ಒಂಟೆಗೆ ಹಸಿವಿದೆ, ಸೈನಿಕನ ಒಂಟೆಗೆ ಹಸಿವಿದೆ, ದುಡಿಯುವ ಗಂಡಿಗೆ ಹಸಿವಿದೆ. ಬಯಲಲ್ಲಿ ಗಬ್ಬ ಹೊತ್ತು ಅಲೆಯುವ ಹೆಣ್ಣಿಗೆ ಮಾತ್ರ ಇಲ್ಲವೇ?

ಹೊಗಳಿಕೆ ಅಷ್ಟಿಷ್ಟಾದರೂ ನಿಜವಾಗಿದ್ದ ಕಾಲ ಒಂದಿತ್ತು. ಆಗ ಬಯಲು ಇತ್ತು. 1958ರಲ್ಲಿ ಕೆಲಸ ಶುರುವಾಗಿ ಮುಂದೆ ಇಂದಿರಾಗಾಂಧಿ ಹೆಸರು ಪಡೆದ ಕಾಲುವೆ ಹರಿದಲ್ಲೆಲ್ಲ ಮೇಯುವ ಭೂಮಿ ಉಳುವ ಭೂಮಿಯಾಯಿತು. ಕುಂಭಲಗಢದ ಕಾಡು ಅಭಯಾರಣ್ಯವಾದ ಮೇಲೆ ಮಳೆಗಾಲದಲ್ಲಿ ಅಲ್ಲಿಗೆ ಹೋಗುತ್ತಿದ್ದ ರಾಯ್ಕಾಗಳ ದಾರಿ ಕಿರಿದಾಯಿತು. ಫಲೋದಿ ಜಿಲ್ಲೆಯ ಭಡ್ಲಾದಲ್ಲಿ 2,245 ಮೆಗಾವಾಟ್‌ನ ಸೌರ ಪಾರ್ಕ್ ಐದು ಸಾವಿರ ಹೆಕ್ಟೇರಿಗೂ ಮಿಗಿಲಾದ ಜಾಗ ಹಿಡಿದಿದೆ. ದೇವರ ಹೆಸರಿನಲ್ಲಿ ಕೊಡಲಿ ಮುಟ್ಟಿಸದೆ ಬಿಟ್ಟ ಓರಣ್‌ಗಳನ್ನು ಕಂದಾಯದ ದಾಖಲೆ 'ಪಾಳು' ಎಂದು ಬರೆದುಕೊಂಡಿರುವಲ್ಲಿ ಅವುಗಳ ಮೇಲೂ ಕಂಪನಿಗಳ ಕಣ್ಣು. ಕಂದಾಯದ ಗುಮಾಸ್ತರಿಗೆ ಪಾಳಾಗಿ ಕಾಣುವ ನೆಲವೇ ಒಂಟೆಯ ಅನ್ನದ ತಟ್ಟೆ ಎಂಬುದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ತಟ್ಟೆ ಕಿತ್ತುಕೊಂಡ ಮೇಲೆ 'ಅದು ಕಡಿಮೆ ಉಣ್ಣುವ ಪ್ರಾಣಿ' ಎನ್ನುವುದಕ್ಕೆ ದಪ್ಪ ಚರ್ಮ ಬೇಕು.

ಕಾನೂನು ಬೇರೆ ಬಂತು. 2014ರಲ್ಲಿ ಒಂಟೆಗೆ ರಾಜ್ಯಪ್ರಾಣಿಯ ಪಟ್ಟ ಕಟ್ಟಿದರು. 2015ರ ಕಾಯ್ದೆ ವಧೆಯನ್ನು ನಿಷೇಧಿಸಿತು, ರಾಜ್ಯದ ಹೊರಗೆ ಸಾಗಿಸುವುದಕ್ಕೆ ಬೇಲಿ ಹಾಕಿತು. ಪುಷ್ಕರದ ಜಾತ್ರೆಯಲ್ಲಿ ಗಂಡುಮರಿ ಮಾರಿ ವರ್ಷದ ಖರ್ಚು ತೂಗಿಸುತ್ತಿದ್ದವನ ಆದಾಯ ಅಲ್ಲಿಗೆ ಕುಸಿಯಿತು. ಕೊಲ್ಲಬೇಡ, ಹೊರಗೆ ಕಳಿಸಬೇಡ ಎಂದ ಕಾಯ್ದೆ ಏನು ತಿನ್ನಿಸಬೇಕೆಂದು ಹೇಳಿತೇ? 2016ರಲ್ಲಿ ಉಷ್ಟ್ರ ವಿಕಾಸ ಯೋಜನೆ ಎಂದು ಹೊಸ ಮರಿಯೊಂದಕ್ಕೆ 10,000 ರೂಪಾಯಿಯನ್ನು ಮೂರು ಕಂತಿನಲ್ಲಿ ಘೋಷಿಸಲಾಯಿತು. ಆಮೇಲೆ ಯೋಜನೆಯ ಹೆಸರು ಬದಲಾಯಿತು, ಕಂತು ಬದಲಾಯಿತು. ಹುಟ್ಟಿದ ಮರಿಗೆ ಹಣ ಸರಿ, ಅದನ್ನು 13 ತಿಂಗಳು ಹೊಟ್ಟೆಯಲ್ಲಿ ಹೊತ್ತವಳಿಗೆ ಹಿಡಿ ಹೊಟ್ಟಾದರೂ ಯಾವ ಕಂತಿನಲ್ಲಿ ಬರುತ್ತದೆ? ಬಸುರಿಗೆ ಅನ್ನ ಹಾಕದೆ ತೊಟ್ಟಿಲಿಗೆ ಉಡುಗೊರೆ ಹಿಡಿದು ಕಾಯುವ ನೆಂಟರ ಹಾಗಾಯಿತು.

ಮೇವಿಲ್ಲ ಎಂಬ ಗೋಳಂತೂ ಅಪ್ಪಟ ಸುಳ್ಳು. ಜಗತ್ತಿನ ಗೋರಿ ಬೆಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಭಾರತದ್ದು, ಅದರ ಬಹುಭಾಗ ರಾಜಸ್ಥಾನದ್ದು. ಗೋರಿಬೀಜದ ಅಂಟು ಅಮೆರಿಕದ ಎಣ್ಣೆ, ಅನಿಲ ಬಾವಿಗಳಲ್ಲಿ ಬಂಡೆ ಸೀಳುವ ದ್ರವಕ್ಕೆ ಬೇಕು. 2011–12ರಲ್ಲಿ ಅದೇ ಬೇಡಿಕೆಯಿಂದ ಗೋರಿಯ ಬೆಲೆ ಆಕಾಶಕ್ಕೇರಿತ್ತು. ಅಂಟು ತೆಗೆದ ಮೇಲೆ ಗಿರಣಿಯಲ್ಲಿ ಉಳಿಯುವ ಚೂರಿ, ಕೊರ್ಮಾಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಪ್ರೋಟೀನು. ಅದು ದನದ ದಾಣಿಗೆ ಹೋಗುತ್ತದೆ, ಹೊರದೇಶಕ್ಕೂ ಹಡಗು ಹತ್ತುತ್ತದೆ. ಒಂಟೆಗೆ ಬೇಕಾದ್ದು ಸಮುದ್ರದಾಚೆ ಹೊರಟಿರುವಾಗ ಗಿರಣಿಯಿಂದ ಹತ್ತು ಹರದಾರಿ ದೂರದಲ್ಲಿ ಒಂಟೆ ಬರಿಗಡ್ಡಿ ಅಗಿಯುತ್ತಿರುತ್ತದೆ.

ಹಾಲಿನ ಮಾರುಕಟ್ಟೆ ಹೊಸ ಸಬೂಬೊಂದನ್ನು ತಂದಿದೆ. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂಟೆ ಹಾಲಿಗೆ ಮಾನದಂಡ ಗೊತ್ತುಮಾಡಿತು. 2019ರಲ್ಲಿ ಅಮುಲ್ ಬಾಟಲಿಯಲ್ಲಿ ತುಂಬಿ ಗುಜರಾತಿನಲ್ಲಿ ಮಾರಲು ತೊಡಗಿತು. ಒಂಟೆ 36 ಬಗೆಯ ಗಿಡ ಮೇಯುತ್ತದೆ ಎಂಬ ರಾಯ್ಕಾಗಳ ಮಾತು ಜಾಹೀರಾತಿಗೆ ಚೆಂದ ಒಗ್ಗುತ್ತದೆ. ಅದಕ್ಕೆ ಹೊಟ್ಟು, ಹಿಂಡಿ ಹಾಕಿದರೆ ಹಾಲಿನ 'ಔಷಧಗುಣ' ಕೆಡುತ್ತದಂತೆ! ಬಯಲಿನ ಎಲೆಯ ಜೊತೆಗೆ ಸಂಜೆ ಒಂದೂವರೆ ಕಿಲೋ ಗೋರಿಚೂರಿ ತಿಂದ ಮಾತ್ರಕ್ಕೆ ಹಗಲು ತಿಂದ ಎಲೆ ಹೊಟ್ಟೆಯಿಂದ ಮಾಯವಾಗುತ್ತದೆಯೇ? ನಾಲ್ಕು ಮೊಲೆಗಳಲ್ಲಿ ಎರಡು ಮರಿಗೆ, ಎರಡು ಮನುಷ್ಯನಿಗೆ ಎಂಬ ಹಳೆಯ ಕಟ್ಟಳೆ ಇದೆ. ತಾಯಿಗೆ ಮೇವು ಏರಿಸದೆ ಹಾಲಿನ ಬೇಡಿಕೆ ಮಾತ್ರ ಏರಿಸಿದರೆ ಆ ಕಟ್ಟಳೆ ಮುರಿಯುವುದು ಮರಿಯ ಪಾಲಿನಲ್ಲೇ.

ಇನ್ನು ಮೇವು ಹಾಕಿದರೆ ಒಂಟೆ ಸೋಮಾರಿಯಾಗುತ್ತದೆ, ಮೇಯುವುದನ್ನೇ ಮರೆಯುತ್ತದೆ ಎಂಬ ಆಕ್ಷೇಪ. ಹಟ್ಟಿಗೆ ಮರಳಿದ ಮೇಲೆ ಹಿಂಡಿ ತಿನ್ನುವ ಹಸು ಮರುದಿನ ಗೋಮಾಳಕ್ಕೆ ಹೋಗುವುದನ್ನು ಬಿಟ್ಟಿದೆಯೇ? ಅಸಲು ಸಂಗತಿ ತಲೆಕೆಳಗು. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಒಂದಿಷ್ಟು ಪ್ರೋಟೀನು ಸಿಕ್ಕರೆ ಒರಟು ನಾರು ಇನ್ನೂ ಚೆನ್ನಾಗಿ ಕರಗುತ್ತದೆ, ಪ್ರಾಣಿ ಒಣಗಿಡವನ್ನು ಇನ್ನಷ್ಟು ತಿನ್ನಬಲ್ಲದು. ಅರೇಬಿಯಾದ ಉದಾಹರಣೆಯನ್ನೂ ಎಳೆದು ತರುತ್ತಾರೆ. ಸೌದಿಯಲ್ಲಿ ಸಬ್ಸಿಡಿಯ ಬಾರ್ಲಿ ಸುರಿದು ಬಯಲು ತಾಳಲಾರದಷ್ಟು ಪ್ರಾಣಿಗಳನ್ನು ಸಾಕಿ ನೆಲವನ್ನು ಬೋಳು ಮಾಡಿದ್ದು ದಿಟ. ಅಲ್ಲಿ ಹಿಂಡು ಮಿತಿಮೀರಿ ಬೆಳೆದಿತ್ತು. ಇಲ್ಲಿ ಹಿಂಡೇ ಕರಗುತ್ತಿದೆ. ಬೊಜ್ಜಿನವನಿಗೆ ಬರೆದ ಪಥ್ಯವನ್ನು ಕ್ಷಯದವನಿಗೆ ಹೇಳುವ ವೈದ್ಯನನ್ನು ಯಾರು ನಂಬುತ್ತಾರೆ?

ಪೂರಕ ಮೇವು ಎಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಕಾಳು ಸುರಿಯುವುದಲ್ಲ. ಒಂಟೆಯ ಹೊಟ್ಟೆ ನಾರಿಗೆ ಒಗ್ಗಿದ್ದು. ಒಮ್ಮೆಗೇ ಸಜ್ಜೆ, ಬಾರ್ಲಿ ಹೆಚ್ಚು ತಿಂದರೆ ಹೊಟ್ಟೆ ಹುಳಿಯಾಗಿ ಪ್ರಾಣಕ್ಕೇ ಬರುತ್ತದೆ. ಹಗಲು ಬಯಲು, ಸಂಜೆ ಗೋರಿ ಅಥವಾ ಮಡಕೆಕಾಳಿನ ಹೊಟ್ಟು, ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತು ಹಾಲಿನ ಮೊದಲ ತಿಂಗಳುಗಳಲ್ಲಿ ಒಂದೆರಡು ಕಿಲೋ ಚೂರಿ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಹಾಲು ಬಿಟ್ಟ ಮರಿಗಳಿಗೂ ಇಷ್ಟಿಷ್ಟು. ಎಲ್ಲಕ್ಕೂ ಉಪ್ಪು, ಖನಿಜ ಮಿಶ್ರಣ. ಇಡೀ ಹಿಂಡಿಗೆ ಇಡೀ ವರ್ಷ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ಅದನ್ನೇ ಕೇಳಿದಂತೆ ನಟಿಸಿ ದುಬಾರಿ ಎಂದು ತಳ್ಳಿಹಾಕುವುದು ಹಳೆಯ ಯುಕ್ತಿ.

ರಾಜ್ಯಪ್ರಾಣಿಯೆಂಬ ಪಟ್ಟಕ್ಕೆ ಅರ್ಥ ಬರಬೇಕಾದರೆ ಬರ ಪರಿಹಾರದ ಮೇವಿನ ಪಟ್ಟಿಯಲ್ಲಿ ಒಂಟೆಯ ಹೆಸರು ಹಸುವಿನ ಪಕ್ಕದಲ್ಲೇ ಇರಬೇಕು. ಮರಿಯ ಕಂತಿನ ಒಂದು ಭಾಗ ತಾಯಿ ಗಬ್ಬವಾಗಿರುವಾಗಲೇ ಮೇವಾಗಿ ಹಟ್ಟಿ ಸೇರಬೇಕು. ಜೈಸಲ್ಮೇರ್, ಬಾಡಮೇರ್, ಬೀಕಾನೇರ್, ಪಾಲಿಯ ಪಂಚಾಯಿತಿಗಳಲ್ಲಿ ಸುಗ್ಗಿಯ ಕಾಲಕ್ಕೇ, ಅಗ್ಗವಿರುವಾಗಲೇ, ಗೋರಿಯ ಹೊಟ್ಟು ಕೂಡಿಡಬೇಕು. ಗಿರಣಿಯ ಚೂರಿಯಲ್ಲಿ ಮೊದಲ ಪಾಲು ಹಡಗಿಗಲ್ಲ, ಹಟ್ಟಿಗೆ. ಸಾಂಭರ್‌ನ ಉಪ್ಪನ್ನು ಪಾಲಿ, ಸಿರೋಹಿಯ ಹಟ್ಟಿಗಳಿಗೆ ಮುಟ್ಟಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಒಂದು ಲಾರಿ ಸಾಕು. ಓರಣ್‌ಗಳನ್ನು ಮೇಯುವ ಹಕ್ಕಿನೊಂದಿಗೆ ದಾಖಲೆಗೆ ಏರಿಸಿ, ಖೇಜ್ರಿ ಕಡಿಯುವ ಕೈಯನ್ನು ತಡೆಯಬೇಕು. ಮೇವಿನ ದಾಸ್ತಾನು ಮಾರ್ಚ್ ಮುಗಿಯುವ ಮೊದಲು ಊರು ಸೇರಲಿ. ಜೂನ್‌ನಲ್ಲಿ ಬರುವ ಲಾರಿಗೆ ಕಾಯುವಷ್ಟು ಬಿಡುವು ಜನವರಿಯಲ್ಲಿ ಹುಟ್ಟಿದ ಮರಿಗಿಲ್ಲ.